ನನ್ನ ಅರಿವಿ ಒಣಗಿಸುವ ಕಪಾಟು

ಬನಹಟ್ಟಿಯಲ್ಲಿ ಮಳೆ ಬೀಳುವುದೇ ಅಪರೂಪ. ಆದರೆ ಆ ವರ್ಷದ ಶ್ರಾವಣದಲ್ಲಿ ಸೂರ್ಯ ಎಂಟು ದಿನ ರಜೆ ಹಾಕಿಬಿಟ್ಟ. ನಮ್ಮ ಮನೆಯಲ್ಲಿ ಆರು ತಿಂಗಳ ಕೂಸು. ಅದಕ್ಕೆ ಹಾಸಿ ಹೊದಿಸುವ ದುಪಟಿಗಳನ್ನು ಪಡಸಾಲೆಯ ತುಂಬ ಹಗ್ಗ ಕಟ್ಟಿ ನೇತುಹಾಕಿದ್ದರಿಂದ, ಹೈಸ್ಕೂಲಿನ ವಿಜ್ಞಾನದ ಮಾಸ್ತರನಾದ ನಾನು ಸ್ವಂತ ಮನೆಯಲ್ಲಿ ಬಗ್ಗಿ ನಡೆಯಬೇಕಾಯಿತು. ಎಂಟನೆಯ ದಿನ ಒದ್ದೆ ದುಪಟಿಯೊಂದು ಮುಖಕ್ಕೆ ಬಡಿದಾಗ ಹೆಂಡತಿ ಸುಹಾಸಿನಿಯ ಎದುರಿಗೆ ಪ್ರತಿಜ್ಞೆ ಮಾಡಿದೆ.

"ಇನ್ನ ಮ್ಯಾಲೆ ಈ ಮನಿಗೆ ಬಿಸಲಿನ ಹಂಗ ಬ್ಯಾಡ. ಅರಿವಿ ನಾನೇ ಒಣಗಸ್ತೀನಿ."

"ಊದಿ ಒಣಗಸ್ತೀರೇನು?" ಎಂದಳು ಅವಳು.

ಅವಮಾನ ನುಂಗಿಕೊಂಡು ಕೆಲಸಕ್ಕೆ ಇಳಿದೆ. ಹಳೆಯ ಕಪಾಟೊಂದನ್ನು ಬಚ್ಚಲೊಲೆಯ ಪಕ್ಕಕ್ಕೆ ನಿಲ್ಲಿಸಿ, ಪತ್ರಾಸಿನ ತಗಡಿನಿಂದ ಡಬ್ಬಿ ಮಾಡುವ ಪಾಂಡಪ್ಪನಿಂದ ಎರಡು ಕೊಳವೆ ಮಾಡಿಸಿದೆ. ಕೆಳಗಿನದು ಒಲೆಯ ಬಿಸಿಗಾಳಿಯನ್ನು ಕಪಾಟಿನೊಳಗೆ ತರುತ್ತಿತ್ತು. ಮೇಲಿನದು ಹಸಿಗಾಳಿಯನ್ನು ಪಡಸಾಲೆಯ ಜಂತಿಯ ಕೆಳಗಿಂದ ಹಾಯಿಸಿ ಬೀದಿಗೆ ಬಿಡುತ್ತಿತ್ತು. ಗುಬ್ಬಿ ಗೂಡು ಕಟ್ಟಬಾರದೆಂದು ಬೀದಿಯ ಕಡೆಯ ಬಾಯಿಗೆ ತಂತಿಯ ಜಾಳಿಗೆ ಹಾಕಿದ್ದಾಯಿತು.

ಪಾಂಡಪ್ಪ ಹೊರಡುವಾಗ ಹೇಳಿದ: "ಮಾಸ್ತರ, ವಾರಕ್ಕೊಮ್ಮೆ ಈ ಜಾಳಗಿ ಝಾಡಸ್ರಿ. ಅರಿವಿಯಿಂದ ಅರಳಿ ಧೂಳ ಏಳತೈತಿ. ಅದು ಇಲ್ಲಿ ಬಂದು ಕಟ್ಟಿದ್ರ ಉಗಿ ಎಲ್ಲಿಗೆ ಹೋಗಬೇಕು?"

"ಪಾಂಡಪ್ಪಾ, ನಾ ವಿಜ್ಞಾನ ಕಲಸಾಂವ."

"ಹಂಗಾದ್ರ ಎರಡ ಸಲ ಝಾಡಸ್ರಿ."

ಕಪಾಟು ಕೆಲಸ ಮಾಡಿತು. ಬೆಳಿಗ್ಗೆ ಹಾಕಿದ ದುಪಟಿ ನಾನು ಶಾಲೆಗೆ ಹೊರಡುವ ಹೊತ್ತಿಗೆ ಹಪ್ಪಳದಂತೆ ಗರಿಗರಿ. ಓಣಿಯವರೆಲ್ಲ ನೋಡಲು ಬಂದರು. ಪಕ್ಕದ ಮಗ್ಗದ ಮನೆಯ ಗಿರಮಲ್ಲಪ್ಪನಂತೂ ತನ್ನ ನಾಲ್ಕು ಕೌದಿಗಳನ್ನೇ ಹೊತ್ತು ತಂದ. ಹೊಗಳಿಕೆ ಕೇಳುವುದರಲ್ಲಿ ಹದಿನೈದು ದಿನ ಕಳೆದವು. ಜಾಳಿಗೆ ಝಾಡಿಸಲು ಹೊತ್ತೆಲ್ಲಿ?

ಆ ಭಾನುವಾರ ನನ್ನ ನಾದಿನಿ ಕೃಷ್ಣಾಳನ್ನು ನೋಡಲು ಮುಧೋಳದಿಂದ ಗಂಡಿನವರು ಬರುವವರಿದ್ದರು. ಹುಡುಗಿ ಜೋರಾಗಿ ನಗುತ್ತಾಳೆ ಎಂಬ ಕಾರಣಕ್ಕೆ ಹಿಂದೆ ಎರಡು ಸಂಬಂಧ ತಪ್ಪಿದ್ದವು. "ಇವತ್ತ ತುಟಿ ಬಿಗಿ ಹಿಡಿ" ಎಂದು ಸುಹಾಸಿನಿ ತಂಗಿಗೆ ಹೇಳಿ, ನನ್ನ ಕಡೆ ತಿರುಗಿ, "ನೀವು ಕೈ ಬಿಗಿ ಹಿಡೀರಿ" ಎಂದಳು.

ಗಂಡಿನವರು ಮೋಟಾರು ಇಳಿದು ಬರುವಷ್ಟರಲ್ಲಿ ಮಳೆಗೆ ಸಿಕ್ಕರು. ಇದ್ದ ಒಂದೇ ಕೊಡೆ ತಾಯಿ ಇಂದಿರಾಬಾಯಿಯನ್ನು ಉಳಿಸಿತ್ತು. ಸಂಸ್ಥಾನದ ಕಾಲದಲ್ಲಿ ಲೆಕ್ಕ ಬರೆಯುವ ಕಾರಕೂನರಾಗಿದ್ದ ತಂದೆ ದತ್ತೋಪಂತರೂ ಮಗ ಗೋಪಾಲನೂ ತೊಯ್ದು ತೊಪ್ಪೆಯಾಗಿದ್ದರು.

ನನಗೆ ಹಬ್ಬವೇ ಆಯಿತು. "ಅರ್ಧ ತಾಸು ಕೂಡ್ರಿ, ಇಸ್ತ್ರಿ ಮಾಡಿಧಾಂಗ ಒಣಗಿಸಿ ಕೊಡ್ತೀನಿ" ಎಂದು ಧೋತರ, ಕೋಟು, ಅಂಗಿ, ದತ್ತೋಪಂತರ ಕೆಂಪು ರುಮಾಲು ಎಲ್ಲವನ್ನೂ ಬಿಚ್ಚಿಸಿಕೊಂಡೆ. ಉಡಲು ಕೊಡಬೇಕೆಂದರೆ ನನ್ನ ಧೋತರಗಳೆಲ್ಲ ಬಕೆಟ್ಟಿನಲ್ಲಿ ನೆನೆದಿದ್ದವು. ಮನೆಯಲ್ಲಿ ಒಣಗಿದ್ದವು ಟ್ರಂಕಿನಲ್ಲಿದ್ದ ಸುಹಾಸಿನಿಯ ಸೀರೆಗಳು ಮಾತ್ರ. ದತ್ತೋಪಂತರು ಹಸಿರು ಸೀರೆ ಸುತ್ತಿಕೊಂಡರು. ಗೋಪಾಲನ ಪಾಲಿಗೆ ಜರಿಯಂಚಿನ ನೇರಳೆ ಬಣ್ಣದ್ದು ಬಂತು.

ಒಲೆಗೆ ಮೂರು ಕಟ್ಟಿಗೆ ಹೆಚ್ಚಿಗೆ ತುರುಕಿದೆ. ಅರ್ಧ ತಾಸಿಗೆ ಕಪಾಟು ತೆರೆದರೆ ಬಿಸಿ ಉಗಿ ಮುಖಕ್ಕೆ ರಾಚಿತು. ಹೊರಗೆ ದಾರಿಯಿಲ್ಲದೆ ಉಗಿ ಒಳಗೇ ಸುತ್ತಿ, ಬಟ್ಟೆಗಳು ಒಣಗುವ ಬದಲು ಕಡುಬಿನಂತೆ ಬೆಂದಿದ್ದವು. ರುಮಾಲಿನ ಬಣ್ಣವೆಲ್ಲ ಕೆಳಗಿನ ಧೋತರಗಳಿಗೆ ಇಳಿದು ಗುಲಾಬಿ ನೀರು ತೊಟ್ಟಿಕ್ಕುತ್ತಿತ್ತು.

ಸುಹಾಸಿನಿ ಹಿಂದೆ ಬಂದು ನಿಂತಳು. "ಜಾಳಗಿ ಝಾಡಿಸಿದ್ರೇನು?"

"ಈಗ ಝಾಡಸ್ತೀನಿ."

"ಈಗ ಬ್ಯಾಡ. ನಿಮಗ ಕೈ ಮುಗೀತೀನಿ."

ನಾನು ಆಗಲೇ ಲಟ್ಟಣಿಗೆ ಹಿಡಿದು ಪಡಸಾಲೆಗೆ ನುಗ್ಗಿದ್ದೆ. ಸ್ಟೂಲು ಹತ್ತಿ ಕೊಳವೆಗೆ ಎರಡು ಏಟು ಹಾಕಿದೆ. ಎರಡನೆಯದಕ್ಕೆ ಬೆಸುಗೆ ಬಿಟ್ಟಿತು. ಹದಿನೈದು ದಿನದ ಧೂಳು, ಗಿರಮಲ್ಲಪ್ಪನ ನಾಲ್ಕು ಕೌದಿಗಳ ಅರಳೆಯ ಸಮೇತ, ಕೆಳಗೆ ಕುಳಿತವರ ಮೇಲೆ ಧಸಕ್ಕನೆ ಸುರಿಯಿತು. ದತ್ತೋಪಂತರ ಮೀಸೆ ಎಲ್ಲಿ ಮುಗಿದು ಅರಳೆ ಎಲ್ಲಿ ಶುರುವಾಗಿದೆಯೆಂದು ತಿಳಿಯದಂತಾಯಿತು.

ಅದೇ ಹೊತ್ತಿಗೆ ಕೃಷ್ಣಾ ಅವಲಕ್ಕಿಯ ತಾಟು ಹಿಡಿದು ಬಂದಳು. ನೋಡಿದಳು. ತುಟಿ ಬಿಗಿಹಿಡಿದಳು. ಮೂರನೆಯ ಸಂಬಂಧವೂ ಹೋಯಿತೆಂದು ನಾನು ಸ್ಟೂಲಿನ ಮೇಲೆಯೇ ಕಣ್ಣು ಮುಚ್ಚಿದೆ.

ಕೃಷ್ಣಾ ತಾಟು ಕೆಳಗಿಟ್ಟು, ಸೀರೆ ಉಟ್ಟು ತಲೆ ತಗ್ಗಿಸಿ ಕುಳಿತಿದ್ದ ಗೋಪಾಲನನ್ನು ಬಹಳ ಗಂಭೀರವಾಗಿ ಕೇಳಿದಳು: "ನಿಮಗ ಹಾಡಲಿಕ್ಕೆ ಬರ್ತದೇನ್ರಿ?"

ಗೋಪಾಲ ತಲೆಯೆತ್ತಿ ಅಷ್ಟೇ ಗಂಭೀರವಾಗಿ, "ಆರತಿ ಹಾಡು ಒಂದು ಬರ್ತದ್ರಿ" ಎಂದ.

ಕೃಷ್ಣಾ ನಕ್ಕಳು. ಜಂತಿಯಲ್ಲಿ ಉಳಿದಿದ್ದ ಅರಳೆಯೂ ಉದುರುವಂತೆ ನಕ್ಕಳು. ಗೋಪಾಲ ನಕ್ಕ. ಇಂದಿರಾಬಾಯಿ ಗಂಡನನ್ನು ನೋಡಿ ನೋಡಿ ಕಣ್ಣೀರು ಬರುವಷ್ಟು ನಕ್ಕು, "ನಮ್ಮ ಮನಿಯೊಳಗ ಎಲ್ಲಾರೂ ಕಾರಕೂನರಾಗ್ಯಾರ. ನಗಾವ್ರು ಒಬ್ಬರು ಬೇಕಾಗಿತ್ತು" ಎಂದು ಹುಡುಗಿಯ ಕೈ ಹಿಡಿದುಕೊಂಡರು.

ದತ್ತೋಪಂತರು ಮಾತ್ರ ಮೀಸೆಯಿಂದ ಅರಳೆ ಆಯುತ್ತ ನನ್ನ ಕಡೆ ತಿರುಗಿದರು. "ಮಾಸ್ತರ, ನಮ್ಮದೇನೂ ಬೇಡಿಕಿ ಇಲ್ಲ. ಕರಾರು ಒಂದದ. ಮದುವಿ ದಿನಾ ನೀವು ನಾವು ಹೇಳಿದಲ್ಲೆ ಕೂಡಬೇಕು. ಏನೂ ಮುಟ್ಟಬಾರದು."

ನಾನು ಬಾಯಿ ತೆರೆಯುವ ಮೊದಲೇ ಸುಹಾಸಿನಿ, "ಬೇಕಾದ್ರ ಬರದು ಕೊಡಸ್ತೀನ್ರಿ" ಎಂದಳು.

ಮಾರ್ಗಶಿರದಲ್ಲಿ ಮದುವೆಯಾಯಿತು. ಒಲೆ, ದೀಪ, ಹಂದರದ ಕಂಬ ಯಾವುದೂ ಕೈಗೆಟುಕದ ಜಾಗದಲ್ಲಿ ನನಗೊಂದು ಗಾದಿಯ ಕುರ್ಚಿ ಹಾಕಿದ್ದರು. ಇಡೀ ದಿನದಲ್ಲಿ ನಾನು ಎದ್ದದ್ದು ಎರಡೇ ಸಲ. ಎರಡು ಸಲವೂ ನನ್ನ ಜೊತೆಗೆ ಬೀಗರ ಬಳಗವೆಲ್ಲ ಎದ್ದು ನಿಂತಿತು.