ಟ್ರಾಲಿಯನ್ನು ಅಲುಗಿಸತಕ್ಕದ್ದಲ್ಲ

ನಾಗಪುರದ ಸದರ್ ಅನ್ನೋ ಭಾಗದಾಗ ಕನ್ನಡ ಮಂಡಳದವರು ನಡಸೋ ಹೈಸ್ಕೂಲಿನೊಳಗ ಒಂದು ನಿಯಮ ಐತಿ: ಮೈಮ್ಯಾಲೆ ನಂಬರು ಇಲ್ಲದ ಸಾಮಾನು ಸಾಲ್ಯಾಗ ಇಲ್ಲಾ ಅಂತನ ತಿಳೀಬೇಕು. ಕುರ್ಚಿ, ಕರಿಹಲಗಿ, ನೀರಿನ ಮಡಿಕಿ, ಗಂಟಿ, ಎಲ್ಲಾದಕ್ಕೂ ನಂಬರು. ಹೆಡ್ ಕ್ಲಾರ್ಕ್ ಉಮಾಕಾಂತ ಒಮ್ಮೆ ಅಂಗಳದಾಗ ಮಲಗಿದ್ದ ನಾಯಿಗೂ ನಂಬರು ಬರದಿದ್ದ. ಪಾಪ, ಅದು ರಿಟೈರ್ ಆಗೂತನಕ ರಜಾ ತಗೊಳ್ಳಲಿಲ್ಲ.

೧೯೯೮ರ ಮಳಿಗಾಲದಾಗ ಒಂಬತ್ತನೇತ್ತೆಯ ‘ಬಲ ಮತ್ತು ಚಲನೆ’ ಪಾಠಕ್ಕಂತ ಒಂದು ಕಟಗಿ ಟ್ರಾಲಿ ಬಂತು. ನಾಕು ಗಾಲಿ, ಜೋಡಿ ಒಂದು ಇಳಿಜಾರು ಹಲಗಿ. ಟ್ರಾಲಿ ಮೈತುಂಬ ಮಂಡಳದ ಅಧ್ಯಕ್ಷರ ಹೆಸರು ಬರಸಿದ್ರು. ಅವರು ಟ್ರಾಲಿಗೆ ರಿಬ್ಬನ್ ಕತ್ತರಿಸಿದ್ರಲ್ಲ, ಅದಕ್ಕ. ಹಿಂಗಾಗಿ ನಂಬರು ಬರಿಲಿಕ್ಕೆ ಜಾಗಾ ಉಳಿದದ್ದು ಗಾಲಿ ಮ್ಯಾಲೆ ಅಷ್ಟ. ಉಮಾಕಾಂತ ಹಳದಿ ಬಣ್ಣದಾಗ ಅಲ್ಲೇ ಬರದ. ಮಳಿಗಾಲದ ಥಂಡಿಗೆ ಬಣ್ಣ ಒಣಗಲೇ ಇಲ್ಲ.

“ಸರ, ಟ್ರಾಲಿ ಉರುಳಸ್ಬೇಕ್ರಿ,” ಅಂದ್ಲು ವಿಜ್ಞಾನ ಕಲಸೋ ಬಾಯಿ ಬಸವೇಶ್ವರಿ.

ಹೆಡ್ ಮಾಸ್ತರ ಕೇದಾರನಾಥ ಚಷ್ಮಾ ತಗದ್ರು. “ಯಾಕ್ರೀ?”

“ಹುಡುಗ್ರಿಗೆ ಚಲನೆ ತೋರಸ್ಬೇಕ್ರಿ.”

“ಚಲನೆ ಪುಸ್ತಕದಾಗ ಬರೋಬರ್ ಐತೆಲ್ಲ ಬಾಯಾರ. ಅದನ್ನ ಹೊರಗ ಯಾಕ ತಗೀತೀರಿ?”

ಉಮಾಕಾಂತ ಬಾಗಲದಾಗ ನಿಂತಿದ್ದ. “ಉರುಳಿಸಿದ್ರ ಗಾಲಿ ಮ್ಯಾಲಿನ ನಂಬರು ಅಳಸತೈತ್ರಿ. ನಂಬರು ಅಳಿಸಿದ್ರ ಟ್ರಾಲಿ ಕಳದಂಗ. ಕಳದಾವ್ರು ನೌಕರಿ ಬಿಟ್ಟು ಮನಿಗೆ.”

ಬಸವೇಶ್ವರಿದು ಇನ್ನೂ ಕಚ್ಚಾ ನೌಕರಿ. ಗಂಡ ದುಡೀತಿದ್ದ ಹಿಂಗಣಾದ ಫ್ಯಾಕ್ಟರಿಗೆ ಹೋದ ದೀಪಾವಳಿಗೇ ಬೀಗ ಬಿದ್ದಿತ್ತು. ಮನಿ ನಿಂತಿದ್ದು ಈಕಿ ಪಗಾರದ ಮ್ಯಾಲೆ. ಸಾಲಿ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದು ‘ಚಲನೆಯ ಪ್ರಯೋಗ ನೋಡಿದೆ’ ಅಂತ ಬರದ್ರ ನೌಕರಿ ಪಕ್ಕಾ, ಇಲ್ಲಂದ್ರ ರಾಮ್ ರಾಮ್. ಅಂದ್ರ, ಟ್ರಾಲಿ ಉರುಳಿಸಿದ್ರೂ ಹೋತು, ಉರುಳಿಸದಿದ್ರೂ ಹೋತು.

ಹೆಡ್ ಮಾಸ್ತರು ಇಡೀ ದಿನ ವಿಚಾರ ಮಾಡಿ ಸೂಚನಾ ಹಲಗಿಗೆ ಹಚ್ಚಿಸಿದ್ರು:

“ಚಲನೆಯು ಸಾಪೇಕ್ಷವಾಗಿರುವುದರಿಂದ, ಟ್ರಾಲಿಯು ಇದ್ದಲ್ಲಿಯೇ ಇದ್ದು ವಿದ್ಯಾರ್ಥಿಗಳು ಚಲಿಸತಕ್ಕದ್ದು. ಘರ್ಷಣೆಯ ಪಾಠಕ್ಕೆ ಬರಿಗಾಲಿನಲ್ಲಿಯೂ, ಘರ್ಷಣೆರಹಿತ ಪಾಠಕ್ಕೆ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೂ ಬರತಕ್ಕದ್ದು. ಎಣ್ಣೆಯನ್ನು ಶಾಲೆಯು ಒದಗಿಸುವುದಿಲ್ಲ. ಜಡತ್ವದ ಪಾಠದಲ್ಲಿ ಗೋಡೆಗೆ ಬಡಿದುಕೊಂಡವರಿಗೆ ಶಾಲೆಯು ಜವಾಬ್ದಾರವಲ್ಲ.”

ಅವತ್ತಿಂದ ಒಂಬತ್ತನೇತ್ತೆ ವರಾಂಡದಾಗ ಓಡಲಿಕ್ಕೆ ಹತ್ತಿತು. ಎಣ್ಣಿ ಹಚ್ಚಿದ ಹುಡುಗನೊಬ್ಬ ಗೇಟು ದಾಟಿ ಜಾರಿದಾಂವ ಉಮರೇಡ್ ರಸ್ತಾದಾಗ ಕಲ್ಲಿದ್ದಲ ಲಾರಿಗಳನ್ನೆಲ್ಲಾ ಹಿಂದ ಹಾಕಿ, ಗಣಿ ಕಂಡಮ್ಯಾಲೇ ನಿಂತ. ಅವಗ ಪೂರಾ ಮಾರ್ಕು ಕೊಟ್ರು.

ಇನ್ಸ್‌ಪೆಕ್ಟರ್ ಸಾಹೇಬ್ರು ಬಂದ ದಿನ ಹಲಗಿ ಮ್ಯಾಲೆ ಟ್ರಾಲಿ, ಗಾಲಿಗೆ ಇಟ್ಟಿಗಿ. ಹುಡುಗ್ರು ಅದರ ಮುಂದ ಧಡಧಡ ಓಡಿದ್ರು. ಸಾಹೇಬ್ರು ನೀಲಾ ಅನ್ನೋ ಹುಡುಗೀನ್ನ ತಡದು, ಚಲಿಸಲಿಕ್ಕೆ ಹತ್ತಿದ್ದು ಯಾರಂತ ಹಿಂದಿಯೊಳಗ ಕೇಳಿದ್ರು:

“ಬೇಟಾ, ಕೌನ್ ಚಲ್ ರಹಾ ಹೈ?”

“ಟ್ರಾಲಿ, ಸರ್.”

“ಔರ್ ತುಮ್?”

“ಹಮ್ ಸ್ಥಿರ್ ಹೈ, ಸರ್,” ಅಂತ ಆಕಿ ಏದುಸಿರು ಬಿಟ್ಲು.

“ಫೋರ್ಸ್ ಕಿಸ್ ಕಾ?” ಬಲ ಯಾರದಂತ ಸಾಹೇಬ್ರ ಸವಾಲು.

“ಹೆಡ್ ಮಾಸ್ಟರ್ ಸರ್ ಕಾ.”

“ಬಹುತ್ ಅಚ್ಛಾ.” ಸಾಹೇಬ್ರು ಪೆನ್ನಿನ ಟೊಪಗಿ ತಗದ್ರು.

ಇನ್ನೊಂದು ಗಳಿಗಿ ಸುಮ್ಮನಿದ್ದಿದ್ರ ಬಸವೇಶ್ವರಿ ನೌಕರಿ ಪಕ್ಕಾ ಇತ್ತು. ಆದ್ರ ಬೆವರು ಸುರಿಸ್ಕೋತ ನಿಂತ ಆ ಹುಡುಗಿ ‘ನಾವು ಸ್ಥಿರ’ ಅಂದದ್ದನ್ನ ಆಕಿಗೆ ತಡಕೊಳ್ಳಲಿಕ್ಕಾಗಲಿಲ್ಲ. ಇಟ್ಟಿಗಿ ಕಿತ್ತು ಒಗದು, ಟ್ರಾಲಿ ಬೆನ್ನಿಗೆ ಒಂದು ದಬ್ಬಿದ್ಲು.

ಟ್ರಾಲಿ ಹಲಗಿ ಇಳೀತು, ನೆಲದ ಮ್ಯಾಲೆ ಹಳದಿ ಗೆರಿ ಎಳಕೋತ ಬಂದು ಸಾಹೇಬರ ಬೂಟಿಗೆ ಬಡೀತು. ಹುಡುಗ್ರೆಲ್ಲಾ “ಓ!” ಅಂದ್ರು. ಸಾಲ್ಯಾಗ ಒಂದು ಸಾಮಾನು ಮುಂದ ಹೋಗಿದ್ದು ಅವರು ನೋಡಿದ್ದು ಅದೇ ಮೊದಲು.

ಉಮಾಕಾಂತ ಮೊಣಕಾಲೂರಿ ಗಾಲಿ ನೋಡಿದ. “ನಂಬರ್ ಹೋತ್ರೀ.”

ಹೆಡ್ ಮಾಸ್ತರರ ಮುಖ ಸುಣ್ಣ ಆತು. ಆಮ್ಯಾಲೆ ನಿಯಮ ನೆನಪಾಗಿ ಜೀವ ಬಂತು. “ನಂಬರ್ ನಹೀ, ತೋ ಟ್ರಾಲಿ ಭೀ ನಹೀ, ಸಾಬ್.”

“ಟ್ರಾಲಿ ಹೀ ನಹೀ, ತೋ ಚಲಾ ಕೌನ್?” ಟ್ರಾಲೀನ ಇಲ್ಲಂದ್ರ ಚಲಿಸಿದ್ಯಾರು ಅಂತ ಸಾಹೇಬ್ರು ಕೇಳಿದ್ರು.

“ಕೋಯೀ ನಹೀ, ಸಾಬ್.”

“ಫಿರ್ ಠೀಕ್ ಹೈ,” ಅಂತ ಸಾಹೇಬ್ರು ಪ್ರಯೋಗ ನೋಡಿದೆ ಅಂತ ಬರದು ಊಟಕ್ಕ ನಡದ್ರು.

ಹೆಡ್ ಮಾಸ್ತರು ಬಸವೇಶ್ವರಿ ಮುಂದ ಒಂದು ಹಾಳಿ ಚಾಚಿದ್ರು: ‘ನಾನು ಏನನ್ನೂ ಉರುಳಿಸಿರುವುದಿಲ್ಲ. ಏನೂ ಉರುಳಿರುವುದಿಲ್ಲ.’

“ಜಲ್ದಿ ಸಹಿ ಮಾಡ್ರಿ ಬಾಯಾರ. ನೌಕರಿ ಪಕ್ಕಾ ಆತು.”

“ಸರ, ಹುಡುಗ್ರೆಲ್ಲಾ ನೋಡ್ಯಾರ್ರಿ.”

“ಏನನ್ನ ನೋಡ್ಯಾರ್ರೀ?”

ಆಕಿ ಟ್ರಾಲಿ ಕಡೆ ತಿರುಗಿದ್ಲು. ಇಲ್ಲದ ಟ್ರಾಲಿ ಮ್ಯಾಲೆ ಉಮಾಕಾಂತ ಆಗಲೇ ಚಹಾದ ಕಪ್ಪು ಇಟ್ಟಿದ್ದ. ಹಿಂಗಣಾದ ಬೀಗ ಕಣ್ಣ ಮುಂದ ಬಂತು. ಸಹಿ ಮಾಡಿದ್ಲು.

ಕಳದ ಟ್ರಾಲಿ ಬದ್ಲಿ ಅಧ್ಯಕ್ಷರ ಭಾವನ ಕಪಾಟಿನ ಅಂಗಡಿಯಿಂದ ಹೊಸಾದು ಬಂತು. ಮುಂದ ತಾಪತ್ರಯ ಬ್ಯಾಡಂತ ಗಾಲಿ ಇಲ್ಲದ್ದು ತರಿಸಿದ್ರು. ಗಾಲಿ ತಗದದ್ದಕ್ಕ ಮಜೂರಿ ಬ್ಯಾರೆ ಹಚ್ಚಿದ್ರು.

ವಾರ್ಷಿಕ ಪರೀಕ್ಷಾದಾಗ ಬಸವೇಶ್ವರಿ ಕೇಳಿದ್ಲು: ‘ನಿಶ್ಚಲ ವಸ್ತುವಿನ ಮೇಲೆ ಬಲ ಪ್ರಯೋಗಿಸಿದರೆ ಏನಾಗುತ್ತದೆ?’

ನೀಲಾ ಬರದಿದ್ಲು: ‘ಬಲ ಪ್ರಯೋಗಿಸದಿದ್ದರೆ ವಸ್ತುವು ಇದ್ದಲ್ಲಿಯೇ ಇರುತ್ತದೆ. ಪ್ರಯೋಗಿಸಿದರೆ ವಸ್ತುವೇ ಇರುವುದಿಲ್ಲ.’

ಬಸವೇಶ್ವರಿ ಕೆಂಪು ಪೆನ್ನು ಹಿಡದು ಎರಡೆರಡು ಸಲ ಓದಿದ್ಲು. ತಪ್ಪು ಸಿಗಲಿಲ್ಲ. ಪೂರಾ ಮಾರ್ಕು ಕೊಟ್ಲು.