ಕಿಬ್ಬನಹಳ್ಳಿ ರಸ್ತೆಯಲ್ಲಿ ನಮ್ಮನ್ನು ಹಿಂದಿಕ್ಕಿ ಹೋದ ಚಕ್ರಕ್ಕೆ

ಅರಳಗುಪ್ಪೆ, ಗುರುವಾರ

ಮಾನ್ಯರೇ,

ನಮ್ಮ ಪಿಕಪ್ ಗಾಡಿಯ ಎಡಗಡೆ ಹಿಂದಿನ ಸ್ಥಾನವನ್ನು ಅಲಂಕರಿಸಿರುವ, ಈ ಪತ್ರ ಬರೆಯುವ ಹೊತ್ತಿಗಾದರೂ ಅಲ್ಲೇ ಇರುವ, ಚಕ್ರದವರಾದ ತಮ್ಮ ಪಾದಕ್ಕೆ ಎನ್ನೋಣವೆಂದರೆ ತಾವೇ ಪೂರ್ತಿ ಪಾದವಾಗಿರುವುದರಿಂದ, ಒಟ್ಟಾರೆ ತಮಗೆ ಸಿದ್ದಗಂಗಮ್ಮ ಮಾಡುವ ನಮಸ್ಕಾರಗಳು. ಈಶ್ವರನ ದಯದಿಂದ ನಾವೆಲ್ಲ ಕ್ಷೇಮ. ತಮ್ಮ ದಯದಿಂದ ಅಲ್ಲ. ನಾನು ಊರ ಸ್ಕೂಲಿನಲ್ಲಿ ಓದಿದವಳು, ಬರಹದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು, ತಮ್ಮ ಹೊಟ್ಟೆಯಲ್ಲಿ ಬರೀ ಗಾಳಿಯಿರುವುದರಿಂದ ಜಾಗಕ್ಕೇನೂ ತೊಂದರೆಯಾಗದು. ಇದನ್ನು ಎಲ್ಲರೂ ಓದಲಿ ಎಂದೇ ಬರೆಯುತ್ತಿದ್ದೇನೆ, ಏಕೆಂದರೆ ತಾವು ಹೋದದ್ದನ್ನೂ ಎಲ್ಲರೂ ನೋಡಿದ್ದಾರೆ.

ನಾಳೆ ಶುಕ್ರವಾರ ನನ್ನ ಮಗಳು ಪವಿತ್ರ ಬಾಣಂತನ ಮುಗಿಸಿ, ಕೂಸನ್ನೆತ್ತಿಕೊಂಡು, ತುರುವೇಕೆರೆಯ ಗಂಡನ ಮನೆಗೆ ಇದೇ ಗಾಡಿಯಲ್ಲಿ ಹೊರಡುತ್ತಾಳೆ. ತೊಟ್ಟಿಲು, ಹಾಸಿಗೆ, ನೀರು ಕಾಯಿಸುವ ಹಂಡೆ ಯಾವುದೂ ಬಸ್ಸು ಹತ್ತುವಂಥವಲ್ಲ. ಆ ಕೂಸು ಇನ್ನೂ ಕತ್ತು ನಿಲ್ಲಿಸುವುದನ್ನು ಕಲಿಯುತ್ತಿದೆ. ತಾವು ಜಾಗದಲ್ಲಿ ನಿಲ್ಲುವುದನ್ನು ಕಲಿತಿರೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ.

ಹೋದ ಶನಿವಾರದವರೆಗೆ ತಾವು ಸ್ಟೆಪ್ನಿಯಾಗಿ ಗಾಡಿಯ ಹೊಟ್ಟೆಯಡಿ ಮಲಗಿ ಕಾಲ ಕಳೆಯುತ್ತಿದ್ದಿರಿ. ಅಂದು ನಾವು ಗಂಡಹೆಂಡಿರು ಕೊಬ್ಬರಿ ಮೂಟೆ ಹೇರಿಕೊಂಡು ತಿಪಟೂರಿಗೆ ಹೋಗುವಾಗ ಕಿಬ್ಬನಹಳ್ಳಿಯಲ್ಲಿ ಟೈರು ಪಂಕ್ಚರಾಗಿ, ಪಂಕ್ಚರ್ ಅಂಗಡಿಯ ಮುಜಾಫರ್ ತಮ್ಮನ್ನು ಹೊರಗೆಳೆದು ಹುದ್ದೆಗೆ ಏರಿಸಿದ. ಅವನು ಐದೂ ನಟ್ಟನ್ನು ಬೆರಳಿನಲ್ಲೇ ಕೂರಿಸಿ, ಆಮೇಲೆ ಸ್ಪ್ಯಾನರ್ ಹಿಡಿದು ಒಂದನ್ನು ಒಂದಿಷ್ಟು, ಅದರ ಎದುರಿನದನ್ನು ಒಂದಿಷ್ಟು ಬಿಗಿಯಲು ಶುರು ಮಾಡಿದ್ದೇ ತಡ, ನಮ್ಮ ಯಜಮಾನರು ಅಡ್ಡ ಬಂದರು. ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವವಳಲ್ಲ. ಗಾಡಿಯ ಮುಂದಿನ ಗಾಜಿನ ಮೇಲೆ ದೊಡ್ಡಕ್ಷರದಲ್ಲಿದೆ, ತಾವು ಹಿಂದಿರುವುದರಿಂದ ಓದಿರಲಾರಿರಿ. “ಏನ್ ಸಾಬ್ರೇ, ಹಿಂಗೆ ಒಂದ್ ಬುಟ್ಟು ಒಂದಕ್ಕೆ ನೆಗೀತೀರಲ್ಲ, ದೇವ್ರನ್ನ ಹಂಗೇ ಸುತ್ತುತಾರಾ?” ಎಂದರು. “ಯಜಮಾನ್ರೇ, ಇದು ದೇವ್ರಲ್ಲ, ವೀಲು. ಎದುರುಬದುರು ಬಿಗೀದಿದ್ರೆ ಓರೆ ಕೂತ್ಕಂತದೆ” ಎಂದ ಅವನು. “ಪಂಕ್ಚರ್ ನಿಮ್ದು, ನಟ್ಟು ನಮ್ದು, ಸುಮ್ಕಿರಿ” ಎಂದು ಇವರು ಸ್ಪ್ಯಾನರ್ ಕಿತ್ತುಕೊಂಡರು.

ನಟ್ಟು ಐದು, ಪಂಚಾಕ್ಷರಿಯ ಅಕ್ಷರವೂ ಐದು ಎಂಬುದು ಅವರ ಲೆಕ್ಕ. ಗಾಡಿ ಇನ್ನೂ ಜಾಕಿನ ಮೇಲಿರುವಾಗಲೇ, ಮೇಲಿನ ನಟ್ಟಿಗೆ ‘ನ’ ಎಂದು ಸ್ಪ್ಯಾನರ್ ಮೇಲೆ ನಿಂತು ಮೈಭಾರವನ್ನೆಲ್ಲ ಬಿಟ್ಟರು. ಬಲಕ್ಕೆ ಸರಿದು ‘ಮಃ’ ಎಂದರು. ಹಾಗೇ ಪ್ರದಕ್ಷಿಣೆ ಬಂದು ‘ಯ’ ತಲುಪುವಷ್ಟರಲ್ಲಿ ಏದುಸಿರು ಬಂದು ಆ ನಟ್ಟಿಗೆ ಸಿಕ್ಕಿದ್ದು ಬರೀ ಆಶೀರ್ವಾದ. ಬಿಗಿಯುವ ಮುನ್ನ ನಟ್ಟುಗಳನ್ನು ಬಿಚ್ಚಿ ಬೋಲ್ಟುಗಳಿಗೆ ತಲೆಗೆ ಹಚ್ಚುವ ಹಾಗೆ ಕೊಬ್ಬರಿ ಎಣ್ಣೆಯನ್ನೂ ಹಚ್ಚಿದ್ದರು. ಜಾಕ್ ಇಳಿಸಿದ ಮೇಲೆ ಇನ್ನೊಂದು ಸಲ ಬಿಗಿಯಿರಿ ಎಂದು ಮುಜಾಫರ್ ಕೈಮುಗಿದರೂ, ಮಂತ್ರ ಮುಗಿದ ಮೇಲೆ ಮುಟ್ಟಬಾರದು ಎಂದುಬಿಟ್ಟರು.

ಕೊಬ್ಬರಿ ಇಳಿಸಿ ಬರುವಾಗ, ಕಿಬ್ಬನಹಳ್ಳಿ ದಾಟಿದ ಮೇಲೆ ತಾವು ಕಟಕಟ ಎಂದು ಮಾತಾಡಲು ಶುರು ಮಾಡಿದಿರಿ. “ಏನೋ ಸದ್ದು ಬತ್ತೈತೆ ಕಣ್ರೀ” ಎಂದೆ. “ರೋಡಿನ ಸದ್ದು ಕಣೇ” ಎಂದರು. ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಒಂದು ಚಕ್ರ ಬಹಳ ಸಮಾಧಾನವಾಗಿ ನಮ್ಮನ್ನು ಹಿಂದೆ ಹಾಕಿಕೊಂಡು ಹೋಯಿತು. “ಯಾರ್ದೋ ವೀಲು ಹೋಗ್ತಾ ಐತೆ ನೋಡೇ, ಪಾಪ” ಎಂದು ಯಜಮಾನರು ಕನಿಕರಪಟ್ಟು ಮುಗಿಸುವುದರೊಳಗೆ ನಮ್ಮ ಗಾಡಿ ಎಡಕ್ಕೆ ಕುಕ್ಕರಿಸಿ, ರಸ್ತೆ ಕೆರೆದುಕೊಂಡು ಹೋಗಿ ನಿಂತಿತು. ಮೂಟೆ ಇಳಿದು ಗಾಡಿ ಬರಿದಾಗಿತ್ತು, ಎದುರಿಗೆ ಬಸ್ಸು ಬರಲಿಲ್ಲ, ನಾವು ಬದುಕಿದೆವು.

ತಾವಾದರೋ ರಸ್ತೆ ಪಕ್ಕದ ಭೈರಮ್ಮನ ತೆಂಗಿನ ತೋಟಕ್ಕೆ ಇಳಿದು, ಒಂದು ಮರವನ್ನೂ ಮುಟ್ಟದೆ, ಬೇವಿನ ಬುಡದ ನಾಗರಕಲ್ಲನ್ನು ಒಂದು ಸುತ್ತು ಬಂದು, ಅದರ ಮುಂದೆ ಉದ್ದಂಡ ಮಲಗಿದಿರಂತೆ. ಭೈರಮ್ಮ ಕಣ್ಣಾರೆ ಕಂಡು, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, “ಎದ್ದು ಬಂದಿರೋ ದೇವ್ರನ್ನ ಹಂಗೆಲ್ಲಾ ಹೊತ್ಕೊಂಡ್ ಹೋಗಂಗಿಲ್ಲ” ಎಂದು ಅಡ್ಡ ನಿಂತಳು. ಕೊನೆಗೆ ತಮ್ಮ ಮೇಲೇ ಹೂವಿಟ್ಟು ಅಪ್ಪಣೆ ಕೇಳಬೇಕಾಯಿತು. ಬಲಗಡೆಗೆ ಹೂ ಕೊಟ್ಟಿರಿ, ದೊಡ್ಡ ಉಪಕಾರ. ಯಜಮಾನರು ಮಾತ್ರ, “ನೋಡ್ದಾ, ನಾನು ಪ್ರದಕ್ಷಿಣೆಯಲ್ಲಿ ಬಿಗಿದ ಗುಣ” ಎಂದು ಎದೆಯುಬ್ಬಿಸಿದರು.

ಮುಜಾಫರ್ ಅಲ್ಲಿಗೇ ಬಂದು, ಹೊಸ ಬೋಲ್ಟು ನಟ್ಟು ಹಾಕಿ, ಎದುರುಬದುರು ಬಿಗಿದು ಗಾಡಿಯನ್ನು ಮನೆ ಮುಟ್ಟಿಸಿದ. ಅವನು ಬೆನ್ನು ತಿರುಗಿಸಿದ್ದೇ ತಡ ಯಜಮಾನರು ಐದನ್ನೂ ಸಡಿಲಿಸಿ, ಎಣ್ಣೆ ಸವರಿ, ಮಂತ್ರಸಹಿತ ಮೊದಲಿನ ಹಾಗೇ ಬಿಗಿದರು. ನಾಳೆ ನನ್ನ ಮೊಮ್ಮಗು ಹೊರಡುವುದು ಅದರ ಮೇಲೆ.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ತಮಗೆ ಯಾತ್ರೆಯ ಮನಸ್ಸಿದ್ದರೆ ಮುಂಚಿತವಾಗಿ ತಿಳಿಸತಕ್ಕದ್ದು. ಹೊರಡುವಾಗ ಉಳಿದ ಮೂವರನ್ನೂ ಗಾಡಿಯನ್ನೂ ಒಟ್ಟಿಗೆ ಕರೆದುಕೊಂಡು ಹೋಗತಕ್ಕದ್ದು. ಹರಕೆ ಏನಾದರೂ ಬಾಕಿಯಿದ್ದರೆ ಇವತ್ತು ಸಂಜೆಯೊಳಗೆ ನಮ್ಮ ಅಂಗಳದಲ್ಲೇ ತೀರಿಸಿಕೊಳ್ಳತಕ್ಕದ್ದು, ಉರುಳುಸೇವೆಗೆ ಬೇಕಾದರೆ ಸಗಣಿ ನೀರು ಹಾಕಿ ಸಾರಿಸಿಕೊಡುತ್ತೇನೆ.

ತಮ್ಮ ಉತ್ತರಕ್ಕೆ ಕಾಯುವ ತಾಳ್ಮೆ ನನಗಿಲ್ಲದ್ದರಿಂದ ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ, ಸೆರಗು ಸಿಕ್ಕಿಸಿ, ನಾನೇ ಸ್ಪ್ಯಾನರ್ ಹಿಡಿದೆ. ಯಜಮಾನರು ಓಡಿ ಬಂದು ಮಂತ್ರ ಹಿಂದುಮುಂದಾಗುತ್ತದೆ ಎಂದರು. “ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುವಾಗ ಒಂದು ಮೂಲೆ ಎಳೆದು ಎದುರಿನ ಮೂಲೆ ಎಳೀತೀನಿ, ಸುತ್ತಾ ಎಳೆದ್ರೆ ಸುಕ್ಕು ಬೀಳ್ತದೆ” ಎಂದೆ. ಪ್ರದಕ್ಷಿಣೆ ಎಂದರು. “ನಮ್ಮೂರ ಈಶ್ವರನ ಗುಡೀಲಿ ಅಭಿಷೇಕದ ನೀರು ಹೋಗೋ ತೂಬು ದಾಟದೆ ಹಿಂದಕ್ಕೆ ತಿರುಗಿ ಬರಲ್ವಾ? ಈಶ್ವರನೇ ಒಪ್ಪಿದ್ದು ವೀಲಿಗೆ ಆಗಲ್ವಾ?” ಎಂದೆ. ಅಕ್ಷರ ಎಂದರು. “ಮಂತ್ರ ಬಾಯಲ್ಲೈತೆ ಕಣ್ರೀ, ನಟ್ಟಲ್ಲಿಲ್ಲ. ಯಾವುದನ್ನ ಮೊದ್ಲು ಮುಟ್ತೀನೋ ಅದೇ ‘ನ’, ಅದ್ರ ಎದುರಿಂದೇ ‘ಮಃ’.” ಕೊನೆಗೆ, “ಹೆಂಗಸ್ರು ಹೇಳಿದ ಮಂತ್ರಕ್ಕೆ ನಟ್ಟು ಬಿಗೀತದಾ?” ಎಂದರು. “ಗಂಡಸ್ರು ಹೇಳಿದ್ದಕ್ಕೆ ಬಿಗೀಲಿಲ್ವಲ್ಲ, ನೋಡಾನ” ಎಂದೆ.

ಎಣ್ಣೆಯನ್ನು ಹಳೇ ಸೀರೆಯ ತುಂಡಿನಲ್ಲಿ ಒರೆಸಿ, ಬೆರಳಲ್ಲಿ ಕೂರಿಸಿ, ಎದುರುಬದುರು ಅರೆಬಿಗಿ ಮಾಡಿ, ಜಾಕ್ ಇಳಿಸಿದ ಮೇಲೆ ಪೂರ್ತಿ ಬಿಗಿದಿದ್ದೇನೆ. ನಾಳೆ ಗಾಡಿ ಓಡಿಸುವವರು ಅಳಿಯ ವಸಂತ. ದಾರಿಯಲ್ಲಿ ಅಮ್ಮಸಂದ್ರದ ಹತ್ತಿರ ನಿಲ್ಲಿಸಿದರೆ ನಾನೇ ಇಳಿದು ಮತ್ತೊಮ್ಮೆ ಬಿಗಿ ನೋಡುತ್ತೇನೆ ಎಂದು ಹೇಳಿದ್ದೇನೆ. ತಾವು ನನ್ನ ಮೊಮ್ಮಗುವನ್ನು ತುರುವೇಕೆರೆ ಮುಟ್ಟಿಸಿದರೆ, ಬರುವ ಆಯುಧಪೂಜೆಗೆ ಮೊದಲ ಕಾಯಿ ತಮಗೇ. ಕಾಯಿ ಮಾತ್ರ, ಎಣ್ಣೆ ಇಲ್ಲ.

ಅಮ್ಮಸಂದ್ರದವರೆಗೆ ತಮ್ಮ ವಿಶ್ವಾಸಿ, ಅಲ್ಲಿಂದಾಚೆಗೆ ಬಿಗಿ ನೋಡಿ ವಿಶ್ವಾಸಿ,
ಸಿದ್ದಗಂಗಮ್ಮ

ಮರೆತ ಮಾತು: ಸ್ಪ್ಯಾನರ್ ದೇವರ ಮನೆಯಲ್ಲಿದೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಯಜಮಾನರನ್ನು ನಾಳೆ ಹಿಂದೆ, ತೊಟ್ಟಿಲ ಪಕ್ಕ, ಸರಿಯಾಗಿ ತಮ್ಮ ನೆತ್ತಿಯ ಮೇಲೆ ಕೂರಿಸುವುದೆಂದು ತೀರ್ಮಾನವಾಗಿದೆ. ತಾವು ಏನಾದರೂ ಕಟಕಟ ಎಂದರೆ ರೋಡಿನ ಸದ್ದು ಎಂದು ಅವರು ಸುಮ್ಮನೆ ಕೂರುತ್ತಾರೋ, ಪಂಚಾಕ್ಷರಿಯನ್ನು ಜೋರಾಗಿ ಕೂಗುತ್ತಾರೋ, ಮುಂದೆ ಕೂತ ನಮಗೆ ಚೆನ್ನಾಗಿ ಕೇಳಿಸುತ್ತದೆ.