ಗುಂಡುಹುಳಗಳಿಗೆ ನೆರಳು

ಜೀವ ಇರುವ ಪ್ರಾಣಿಯನ್ನು ತರಗತಿಗೆ ತಂದರೆ ಪಾಠ ಒಂದು ದಾರಿ, ಪ್ರಾಣಿ ಇನ್ನೊಂದು ದಾರಿ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಬಂಗಾರಪೇಟೆಯಲ್ಲಿ ವಿಜ್ಞಾನ ಕಲಿಸುವ ನನಗೆ ಇದು ವರ್ಷವರ್ಷವೂ ಆಗುತ್ತದೆ. ಎಲ್ಲವನ್ನೂ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಈ ಸಲದ್ದು ಗುಂಡುಹುಳ: ಒದ್ದೆ ಇಟ್ಟಿಗೆಯಡಿ ಬದುಕುವ, ಮುಟ್ಟಿದರೆ ಗೋಲಿಯಾಗುವ ಬೂದುಬಣ್ಣದ ಜೀವಿ. ನಮ್ಮ ಹೆಡ್ ಮಾಸ್ಟರರದ್ದು ಒಂದೇ ಮಾತು: "ಒಂದು ಸಲ ನನ್ನೆದುರು ಪ್ರಯೋಗ ಮಾಡಿ ತೋರಿಸಿ. ಸರಿಹೋಗದಿದ್ದರೆ ಇನ್ನು ಶಾಲೆಯೊಳಗೆ ಹುಳ ಇಲ್ಲ."

ಇಟ್ಟಿಗೆಯಡಿ

ಮುಚ್ಚಿಹೋದ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳ ಹಿಂದೆ ಇಟ್ಟಿಗೆ ಎತ್ತಿ ನೋಡುತ್ತಿದ್ದೆ. ಅಲ್ಲಿಯ ತಮಿಳು ಅಜ್ಜಿಯೊಬ್ಬರು ಬಂದರು.

"ಏನಮ್ಮಾ ಉಡುಕ್ತಿದ್ದೀಯಾ, ಚಿನ್ನಾನಾ?"

"ಹುಳ ಅಜ್ಜಿ."

"ಅಯ್ಯೋ ಕಡವುಳೇ! ಚಿನ್ನ ಎಲ್ಲಾ ತಗೊಂಡ್ ಓದ್ರು, ಈಗ ಉಳಾನೂ ಬಿಡಲ್ವಾ?"

ಅಡುಗೆಮನೆಯಲ್ಲಿ

ಡಬ್ಬಿ ಕಂಡು ಸೊಸೆ ಕೇಳಿದಳು, "ಇವು ಏನ್ ತಿಂತವೆ ಅತ್ತೆ?"

"ಕೊಳೆತ ಸೊಪ್ಪು."

ಅವಳು ನಾನು ಸೊಪ್ಪು ಜೋಪಾನ ಮಾಡಿಟ್ಟಿದ್ದ ಫ್ರಿಜ್ ತೆರೆದು ನೋಡಿದಳು. "ಒಂದು ತಿಂಗಳಿಗೆ ಯೋಚನೆ ಇಲ್ಲ."

ನೆಂಟಸ್ತಿಕೆ

ತರಗತಿಯಲ್ಲಿ ಬೂದಿಕೋಟೆಯ ಹುಡುಗಿ ಕೂಗಿದಳು, "ಟೀಚರ್, ಒಟ್ಟೆ ಕೆಳ್ಗೆ ಮರಿ ಓಡಾಡ್ತೈತೆ!" ಎಲ್ಲರೂ ಬಗ್ಗಿದೆವು. ತಾಯಿಯ ಹೊಟ್ಟೆಯಡಿಯ ಚೀಲದಿಂದ ಅಕ್ಕಿನುಚ್ಚಿಗಿಂತ ಸಣ್ಣ, ಬಿಳಿ ಮರಿಗಳು ಒಂದೊಂದಾಗಿ ಇಳಿಯುತ್ತಿದ್ದವು. ನಲವತ್ತು ಮಕ್ಕಳು ಉಸಿರು ಬಿಡಲಿಲ್ಲ. ನಾನೂ ಬಿಡಲಿಲ್ಲ.

"ಇದು ಸೀಗಡಿಯ ನೆಂಟ," ಎಂದೆ.

ಬೇತಮಂಗಲದ ಹುಡುಗ ಕೇಳಿದ, "ನಮ್ಮ ಕೆರೇಗೆ ಬಿಟ್ರೆ ಈಜ್ತಾವಾ?"

"ಇಲ್ಲ, ಮುಳುಗುತ್ತವೆ."

"ಅಂಗಾದ್ರೆ ನೆಂಟಸ್ತಿಕೆ ಬಿಟ್ಟು ಬಾಳ ವರ್ಷ ಆಗೈತೆ ಬಿಡಿ."

ಪರೀಕ್ಷೆಯ ದಿನ

ತಟ್ಟೆಯ ಅರ್ಧಕ್ಕೆ ಒದ್ದೆ ಕಾಗದ, ಅರ್ಧಕ್ಕೆ ಒಣ ಕಾಗದ. ನಡುವೆ ಹತ್ತು ಹುಳ. "ಒದ್ದೆ ಕಡೆಗೇ ಹೋಗುತ್ತವೆ, ನೋಡಿ ಸಾರ್," ಎಂದೆ ಹೆಮ್ಮೆಯಿಂದ. ಹೆಡ್ ಮಾಸ್ಟರ್ ಬಗ್ಗಿದರು. ಹತ್ತೂ ಒಣ ಕಡೆಗೆ ನಡೆದವು.

ಅಷ್ಟರಲ್ಲಿ ಬೂದಿಕೋಟೆಯ ಹುಡುಗಿ, "ಸಾರ್, ಒಸಿ ಈ ಕಡೆ ಬನ್ನಿ," ಎಂದಳು. ಅವರು ಸರಿದರು. ಕಿಟಕಿಯ ಬಿಸಿಲಿಗೆ ಅಡ್ಡ ನಿಂತಿದ್ದ ಅವರಿಂದ ಒಣ ಕಾಗದದ ಮೇಲೆ ಬಿದ್ದಿದ್ದ ನೆರಳೂ ಸರಿಯಿತು. ಹತ್ತೂ ತಿರುಗಿ ನೆರಳಿನ ಹಿಂದೆ ಹೊರಟವು! ಅವರು ಆ ಕಡೆ, ಇವೂ ಆ ಕಡೆ.

"ನನ್ನ ಹಿಂದೇನೇ ಬರ್ತಿವೆಯಲ್ಲಾ ಮೇಡಂ!" ಅವರ ದನಿ ಮಗುವಿನದಾಗಿತ್ತು. ಶಾಲೆಯಲ್ಲಿ ಅವರ ಹಿಂದೆ ಹಾಗೆ ಯಾರೂ ಹೋದದ್ದನ್ನು ನಾನು ಕಂಡಿಲ್ಲ.

ಊಟದ ಬೆಲ್ ಆಯಿತು. ಅವರು ಹೊರಡಬೇಕು ಅನ್ನುವಷ್ಟರಲ್ಲಿ ಹುಡುಗಿ ಕಿರುಚಿದಳು: "ಅಲ್ಲಾಡ್ಬೇಡಿ ಸಾರ್, ಉಳಕ್ಕೆ ಬಿಸ್ಲು ಒಡೀತೈತೆ!" ನಾನು ಡಬ್ಬಿ ತರುವವರೆಗೂ ಅವರು ಕಂಬದಂತೆ ನಿಂತರು.

ಸಂಜೆ ಅವಳ ರೆಕಾರ್ಡ್ ಪುಸ್ತಕ ಅವರ ಮೇಜಿಗೆ ಹೋಯಿತು. "ಬೇಕಾದ ಉಪಕರಣಗಳು: ತಟ್ಟೆ ಒಂದು, ಕಾಗದ ಎರಡು, ಹುಳ ಹತ್ತು, ಹೆಡ್ ಮಾಸ್ಟರ್ ಒಂದು."

ಅವರು ಓದಿ, ಸಹಿ ಹಾಕಿ, ತಲೆಯೆತ್ತಿದರು.

"ನಾಳೆ ಎಷ್ಟು ಗಂಟೆಗೆ ಬಂದು ನಿಲ್ಲಲಿ ಮೇಡಂ?"